ಕಾಂಪೌಂಡಿನಾಚೆಯ ಹೊಣೆ

ಸಾರ್ವಜನಿಕ ಕಟ್ಟಡವೊಂದರ ಎಲ್ಲೆ ಯಾವುದೆಂದು ಕೇಳಿದರೆ ಅದನ್ನು ಕಟ್ಟಿಸಿದ ಇಲಾಖೆ ಕಾಂಪೌಂಡ್ ಗೋಡೆಯನ್ನು ತೋರಿಸುತ್ತದೆ, ಅದನ್ನು ಬಳಸುವ ಜನ ಬಸ್ಸಿನಿಂದ ಇಳಿಯುವ ಜಾಗವನ್ನು ತೋರಿಸುತ್ತಾರೆ. ಆಸ್ಪತ್ರೆಗೆ ಹೋಗುವ ಗರ್ಭಿಣಿಗೂ, ಪಿಂಚಣಿಯ ಕೆಲಸಕ್ಕೆ ಕಚೇರಿಗೆ ಬರುವ ಹಿರಿಯರಿಗೂ, ಶಾಲೆಗೆ ನಡೆದುಹೋಗುವ ಮಕ್ಕಳಿಗೂ, ಮೆಟ್ರೊ ಹಿಡಿಯುವ ನೌಕರರಿಗೂ ಕಟ್ಟಡದ ಬಾಗಿಲಿಗಿಂತ ಮೊದಲು ಎದುರಾಗುವುದು ಅದರ ಮುಂದಿನ ಪಾದಚಾರಿ ಮಾರ್ಗ. ಆ ಮಾರ್ಗದಲ್ಲಿ ನಡೆಯಲು ಆಗದಿದ್ದರೆ ಒಳಗಿನ ಸೌಕರ್ಯಗಳು ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಒದಗಿಬರುವುದಿಲ್ಲ. ಈ ಎರಡು ಎಲ್ಲೆಗಳ ನಡುವೆ ಉಳಿಯುವ ನೆಲದ ಹೊಣೆ ಯಾರದು ಎಂಬುದು ನಗರಾಡಳಿತದ ಸಣ್ಣ ಪ್ರಶ್ನೆಯಂತೆ ಕಂಡರೂ ಕಾನೂನು, ಎಂಜಿನಿಯರಿಂಗ್ ಮತ್ತು ಆಡಳಿತ ಮೂರೂ ಒಂದೆಡೆ ಸೇರುವುದು ಅಲ್ಲಿಯೇ. ಕಾನೂನಿನಲ್ಲಿ ಈ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇದೆ; ಆ ಉತ್ತರವನ್ನು ಒಂದು ಕಚೇರಿಯ, ಒಬ್ಬ ಅಧಿಕಾರಿಯ ನಿತ್ಯದ ಕೆಲಸವೆಂದು ಬರೆದು ವಹಿಸುವ ವ್ಯವಸ್ಥೆ ಇಲ್ಲದಿರುವುದೇ ತೊಡಕಿನ ಮೂಲ.

ಪಶ್ಚಿಮ ಬೆಂಗಳೂರಿನ ಅತ್ತಿಗುಪ್ಪೆ ಈ ತೊಡಕನ್ನು ಬಿಡಿಸಿ ನೋಡಲು ತಕ್ಕ ನಿದರ್ಶನ. ಹಿಂದೆ ಹಳ್ಳಿಯಾಗಿದ್ದ ಈ ಊರು ವಿಜಯನಗರ, ಹಂಪಿನಗರ, ಚಂದ್ರಾ ಲೇಔಟ್‌ಗಳಂಥ ಬಡಾವಣೆಗಳು ಬೆಳೆದಂತೆ ನಗರದೊಳಗೆ ಸೇರಿಹೋಗಿ, ಮಹಾನಗರ ಪಾಲಿಕೆಯ 198 ವಾರ್ಡುಗಳ ಕಾಲದಲ್ಲಿ ತನ್ನದೇ ಹೆಸರಿನ ವಾರ್ಡನ್ನೂ ಪಡೆಯಿತು. 2015ರ ನವೆಂಬರ್ 16ರಂದು ನಮ್ಮ ಮೆಟ್ರೊದ ನೇರಳೆ ಮಾರ್ಗದ ಮಾಗಡಿ ರಸ್ತೆ–ಮೈಸೂರು ರಸ್ತೆ ಭಾಗ ಸಂಚಾರಕ್ಕೆ ತೆರೆದಾಗ ಅತ್ತಿಗುಪ್ಪೆ ಆ ಸಾಲಿನ ನಿಲ್ದಾಣಗಳಲ್ಲೊಂದಾಯಿತು. 2016ರ ಏಪ್ರಿಲ್ ಕೊನೆಗೆ ನಗರ ಮಧ್ಯದ ಸುರಂಗ ಭಾಗ ಸಿದ್ಧವಾಗಿ ಬೈಯಪ್ಪನಹಳ್ಳಿಯವರೆಗೆ ನೇರ ಪ್ರಯಾಣ ಸಾಧ್ಯವಾಯಿತು; 2021ರ ಆಗಸ್ಟ್‌ನಲ್ಲಿ ಮಾರ್ಗ ಕೆಂಗೇರಿಗೂ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ಚಾಚಿ ಇನ್ನೊಂದು ತುದಿಯಲ್ಲಿ ವೈಟ್‌ಫೀಲ್ಡ್‌ವರೆಗೆ ಅಖಂಡವಾಯಿತು. ಹೀಗೆ ಮಾರ್ಗ ಉದ್ದವಾದಷ್ಟೂ ಪ್ರತಿ ನಿಲ್ದಾಣದ ಬಾಗಿಲಿಗೆ ಬರುವ ಕಾಲುಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ನಿಲ್ದಾಣದ ಸುತ್ತಲಿನ ಪಾದಚಾರಿ ಮಾರ್ಗ ಅದರೊಂದಿಗೆ ತಾನಾಗಿಯೇ ಅಗಲವಾಗುವುದಿಲ್ಲ.

ಎತ್ತರದಲ್ಲಿ ಕಟ್ಟಿದ ಮೆಟ್ರೊ ನಿಲ್ದಾಣಕ್ಕೆ ಸಾಮಾನ್ಯ ಅರ್ಥದ ಕಾಂಪೌಂಡೇ ಇರುವುದಿಲ್ಲ. ಅದರ ಕಂಬಗಳು ರಸ್ತೆಯಲ್ಲಿ ನಿಂತಿರುತ್ತವೆ, ಮೆಟ್ಟಿಲು, ಎಸ್ಕಲೇಟರ್ ಮತ್ತು ಲಿಫ್ಟುಗಳು ರಸ್ತೆಯ ಅಂಚಿಗೆ ಬಂದು ಇಳಿಯುತ್ತವೆ. ಅಂಥ ನಿಲ್ದಾಣದ ಮುಂದಿನ ನೂರು ಮೀಟರ್ ನೆಲವನ್ನೇ ತೆಗೆದುಕೊಂಡರೂ ಅಲ್ಲಿ ಕೈಯಾಡಿಸುವ ಸಂಸ್ಥೆಗಳ ಪಟ್ಟಿ ಉದ್ದವಾಗುತ್ತದೆ: ನಿಲ್ದಾಣ ಬೆಂಗಳೂರು ಮೆಟ್ರೊ ರೈಲು ನಿಗಮದ್ದು, ರಸ್ತೆ ಪಾಲಿಕೆಯದು, ಬಸ್ಸು ಬಿಎಂಟಿಸಿಯದು, ನೆಲದಡಿಯ ನೀರಿನ ಮತ್ತು ಒಳಚರಂಡಿಯ ಕೊಳವೆ ಜಲಮಂಡಳಿಯದು, ಟ್ರಾನ್ಸ್‌ಫಾರ್ಮರ್ ಮತ್ತು ವಿದ್ಯುತ್ ಕೇಬಲ್ ಬೆಸ್ಕಾಂನದು, ದೂರಸಂಪರ್ಕದ ಆಪ್ಟಿಕಲ್ ಫೈಬರ್ ಕೇಬಲ್ ಖಾಸಗಿ ಕಂಪನಿಗಳದು, ವಾಹನ ನಿಲುಗಡೆಯ ನಿಯಂತ್ರಣ ಸಂಚಾರ ಪೊಲೀಸರದು. ಪಾಲಿಕೆಯೊಳಗೂ ಈ ನೆಲ ಒಡೆದು ಹಂಚಿಹೋಗಿರುವುದುಂಟು. ಬಹುಕಾಲ ನಗರದ ಪ್ರಮುಖ ರಸ್ತೆಗಳನ್ನು ರಸ್ತೆ ಮೂಲಸೌಕರ್ಯ ವಿಭಾಗವೂ ವಾರ್ಡಿನ ಒಳರಸ್ತೆಗಳನ್ನು ವಲಯದ ಎಂಜಿನಿಯರುಗಳೂ ನೋಡಿಕೊಳ್ಳುತ್ತಿದ್ದುದರಿಂದ, ಮುಖ್ಯರಸ್ತೆಯಿಂದ ಅಡ್ಡರಸ್ತೆಗೆ ತಿರುಗುವ ಮೂಲೆಯಲ್ಲಿ ನಡೆಯುವವರು ಒಂದು ವಿಭಾಗದ ಹೊಣೆಯಿಂದ ಇನ್ನೊಂದರ ಹೊಣೆಗೆ ದಾಟುತ್ತಿದ್ದರು. ಇವುಗಳಲ್ಲಿ ಪ್ರತಿಯೊಂದು ಸಂಸ್ಥೆಗೂ ಪಾದಚಾರಿ ಮಾರ್ಗವನ್ನು ಅಗೆಯಲು ಒಂದು ಕಾರಣವಿದೆ, ಅದನ್ನು ಮೊದಲಿದ್ದಂತೆ ಮುಚ್ಚಿ ಒಪ್ಪ ಮಾಡುವ ಕಾರಣ ಮಾತ್ರ ಯಾರಿಗೂ ಅಷ್ಟು ಬಲವಾಗಿಲ್ಲ.

ಹಾಗೆಂದು ಕಾನೂನು ಈ ನೆಲವನ್ನು ಅನಾಥವಾಗಿ ಬಿಟ್ಟಿಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ‘ಸಾರ್ವಜನಿಕ ಬೀದಿ’ ಎಂಬುದಕ್ಕೆ ಕೊಡುವ ವಿವರಣೆ ಗಮನಾರ್ಹವಾದುದು: ವಾಹನ ಓಡುವ ಭಾಗವಷ್ಟೇ ಬೀದಿಯಲ್ಲ, ಅದಕ್ಕೆ ಸೇರಿದ ಕಾಲುದಾರಿ, ಚರಂಡಿ ಮತ್ತು ಎರಡೂ ಬದಿಯಲ್ಲಿ ಪಕ್ಕದ ಸ್ವತ್ತಿನ ಗಡಿಯವರೆಗೆ ಇರುವ ಎಲ್ಲ ನೆಲವೂ ಬೀದಿಯೇ, ಮತ್ತು ಆ ಸ್ವತ್ತು ಖಾಸಗಿಯದಾಗಿರಲಿ ಸರ್ಕಾರದ್ದಾಗಿರಲಿ ಈ ಮಾತು ಬದಲಾಗುವುದಿಲ್ಲ. ಸಾರ್ವಜನಿಕ ಬೀದಿಗಳು ಪಾಲಿಕೆಯಲ್ಲಿ ನಿಹಿತವಾಗಿರುತ್ತವೆ, ಅಂದರೆ ಅವುಗಳ ಅಧೀನವೂ ಪಾಲನೆಯೂ ಪಾಲಿಕೆಗೆ ಸೇರಿದ್ದು. ಅವುಗಳನ್ನು ನಿರ್ಮಿಸುವುದು, ಸುಸ್ಥಿತಿಯಲ್ಲಿಡುವುದು, ಉತ್ತಮಪಡಿಸುವುದು ಕಾಯ್ದೆ ಪಟ್ಟಿಮಾಡುವ ಕಡ್ಡಾಯ ಕಾರ್ಯಗಳಲ್ಲಿ ಸೇರಿದೆ. ಕಡ್ಡಾಯ ಕಾರ್ಯವೆಂದರೆ ಹಣ ಮತ್ತು ಮನಸ್ಸು ಇದ್ದರೆ ಮಾಡಬಹುದಾದ ವಿವೇಚನಾ ಕಾರ್ಯಕ್ಕಿಂತ ಬೇರೆಯಾದದ್ದು, ಮಾಡಲೇಬೇಕಾದದ್ದು. 1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯೂ ಹನ್ನೆರಡನೇ ಅನುಸೂಚಿಯಲ್ಲಿ ರಸ್ತೆ ಮತ್ತು ಸೇತುವೆಗಳನ್ನು ನಗರ ಸ್ಥಳೀಯ ಸಂಸ್ಥೆಗಳ ವಿಷಯವಾಗಿ ಹೆಸರಿಸಿದೆ.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನೆಲದ ಮೇಲಿನ ಸ್ಥಿತಿ ಗೊಂದಲಮಯವಾಗಿರುವುದಕ್ಕೆ ಬಡಾವಣೆಗಳು ಹುಟ್ಟಿದ ಬಗೆಯೂ ಒಂದು ಕಾರಣ. ಪಶ್ಚಿಮ ಬೆಂಗಳೂರಿನ ಬಹುಪಾಲು ಬಡಾವಣೆಗಳನ್ನು ರೂಪಿಸಿದ್ದು 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಮತ್ತು 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಇವು ನಿವೇಶನ ಹಂಚಿ, ರಸ್ತೆ ಮತ್ತು ಚರಂಡಿ ಹಾಕಿ, ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರಿಸುವುದು ರೂಢಿ. ರಸ್ತೆಯ ಅಂಚಿನ ಮಳೆನೀರಿನ ಚರಂಡಿಯ ಮೇಲೆ ಕಲ್ಲಿನ ಅಥವಾ ಕಾಂಕ್ರೀಟಿನ ಚಪ್ಪಡಿ ಹಾಸಿ ಅದನ್ನೇ ಪಾದಚಾರಿ ಮಾರ್ಗವೆಂದು ಕರೆಯುವ ಪದ್ಧತಿ ಬೆಂಗಳೂರಿನಲ್ಲಿ ವ್ಯಾಪಕವಾಗಿದ್ದು, ಇದರಿಂದ ಪಾದಚಾರಿ ಮಾರ್ಗ ಸ್ವತಂತ್ರ ಕಾಮಗಾರಿಯಾಗದೆ ಚರಂಡಿಯ ಮುಚ್ಚಳವಾಗಿ ಉಳಿದಿದೆ. ಹೂಳೆತ್ತುವ ಗುತ್ತಿಗೆದಾರ ಚಪ್ಪಡಿ ಎತ್ತುತ್ತಾನೆ, ಮತ್ತೆ ಇಡುವಾಗ ಮಟ್ಟ ಹೊಂದಿಸುವುದು ಅವನ ಗುತ್ತಿಗೆಯ ಅಳತೆಯಲ್ಲಿ ಬರುವುದಿಲ್ಲ. ಪ್ರತಿ ಮನೆ ಮತ್ತು ಕಚೇರಿಯ ಗೇಟಿನ ಮುಂದೆ ವಾಹನ ಹತ್ತಿಸಲು ಹಾಕಿದ ಇಳಿಜಾರು ಬೇರೆ ಬೇರೆ ಎತ್ತರದಲ್ಲಿರುವುದರಿಂದ ನಡೆಯುವವರು ಹತ್ತಿ ಇಳಿದು ಸಾಗಬೇಕಾಗುತ್ತದೆ, ಬೇಸತ್ತವರು ರಸ್ತೆಗೇ ಇಳಿಯುತ್ತಾರೆ.

ಪಾದಚಾರಿ ಮಾರ್ಗ ಹೇಗಿರಬೇಕೆಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಪ್ರಕಟಿಸಿರುವ ಐಆರ್‌ಸಿ 103 ಎಂಬ ಮಾರ್ಗಸೂಚಿ ಮಾನದಂಡ ಕೊಡುತ್ತದೆ. ಅದರ 2012ರ ಆವೃತ್ತಿಯ ಪ್ರಕಾರ ನಡೆಯಲು ಅಡೆತಡೆಯಿಲ್ಲದ ಕನಿಷ್ಠ ಅಗಲ 1.8 ಮೀಟರ್, ತಲೆಯ ಮೇಲೆ ತೆರವಾಗಿರಬೇಕಾದ ಎತ್ತರ 2.2 ಮೀಟರ್, ರಸ್ತೆಯಿಂದ ಕರ್ಬ್ ಕಲ್ಲಿನ ಎತ್ತರ 150 ಮಿಲಿಮೀಟರಿಗೆ ಮೀರಬಾರದು. ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟಲು 1.8 ಮೀಟರ್ ಬೇಕು. ಕರ್ಬ್ 150 ಮಿಲಿಮೀಟರಿಗಿಂತ ಎತ್ತರವಾದರೆ ಮುದುಕರೂ ಮಕ್ಕಳೂ ಹತ್ತಲಾರರು. ಮಾರ್ಗಸೂಚಿ ಪಾದಚಾರಿ ಮಾರ್ಗವನ್ನು ಮೂರು ಪಟ್ಟಿಗಳಾಗಿ ನೋಡುತ್ತದೆ: ಕಟ್ಟಡಕ್ಕೆ ತಾಗಿದ ಅಂಚು, ನಡುವೆ ನಡೆಯುವ ಪಟ್ಟಿ, ರಸ್ತೆಯ ಕಡೆ ಮರ, ದೀಪದ ಕಂಬ, ಬಸ್ ತಂಗುದಾಣಗಳಿಗೆ ಮೀಸಲಾದ ಪಟ್ಟಿ. 1.8 ಮೀಟರ್ ಎಂಬುದು ನಡುವಿನ ಪಟ್ಟಿಗೆ ಮಾತ್ರ ಅನ್ವಯಿಸುವ ಅಳತೆಯಾದ್ದರಿಂದ, ಕಾಗದದ ಮೇಲೆ ಎರಡು ಮೀಟರ್ ಅಗಲವಿದ್ದು ಮಧ್ಯದಲ್ಲಿ ಟ್ರಾನ್ಸ್‌ಫಾರ್ಮರ್ ನಿಂತ ಮಾರ್ಗ ಈ ಮಾನದಂಡವನ್ನು ಮುಟ್ಟುವುದಿಲ್ಲ. ವಾಣಿಜ್ಯ ಪ್ರದೇಶಗಳಿಗೆ ಮತ್ತು ಬಸ್ ತಂಗುದಾಣಗಳ ಬಳಿಗೆ ಮಾರ್ಗಸೂಚಿ ಇನ್ನೂ ಹೆಚ್ಚಿನ ಅಗಲವನ್ನು ಕೇಳುತ್ತದೆ.

ಪಾಲಿಕೆಯ ಹೊಣೆಯ ಜೊತೆಗೆ ಕಟ್ಟಡದ ಒಡೆತನ ಹೊಂದಿದ ಇಲಾಖೆಗೂ ಹೊಣೆಯಿದೆ ಎಂಬುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಿಂದ ತಿಳಿಯುತ್ತದೆ. ಈ ಕಾಯ್ದೆ ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರಿ ಕಚೇರಿ ಮಾತ್ರವೆಂದು ಎಣಿಸದೆ, ಜನ ಬಳಸುವ ಶಾಲೆ, ಆಸ್ಪತ್ರೆ, ನ್ಯಾಯಾಲಯ, ರೈಲು ನಿಲ್ದಾಣ, ಬಸ್ ನಿಲ್ದಾಣಗಳನ್ನೂ ಅದರೊಳಗೆ ಸೇರಿಸುತ್ತದೆ. ನಿಯಮ ಪಾಲಿಸದ ನಕ್ಷೆಗೆ ಕಟ್ಟಡ ಕಟ್ಟುವ ಅನುಮತಿ ಕೊಡಬಾರದು, ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡಬಾರದು ಎನ್ನುವ ಕಾಯ್ದೆ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರಿಗೂ ಪ್ರವೇಶಿಸಲು ಬರುವಂತೆ ಮಾಡಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವು ಕೊಟ್ಟಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದ್ದರಿಂದ ಆ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಾನುಕೂಲದ ಮಾನದಂಡಗಳನ್ನು ಬರಿಯ ಸಲಹೆಯ ಮಟ್ಟಕ್ಕಿಳಿಸಿದ ನಿಯಮ ಮೂಲ ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಲಿಫ್ಟು, ಇಳಿಜಾರು, ಸ್ಪರ್ಶದಿಂದ ದಾರಿ ತೋರಿಸುವ ಹಳದಿ ಹೆಂಚುಗಳೆಲ್ಲ ಬಾಗಿಲೊಳಗೆ ಇದ್ದು ಬಾಗಿಲಿನಾಚೆ ಗಾಲಿಕುರ್ಚಿ ಉರುಳುವುದೇ ಇಲ್ಲವಾದರೆ ಕಾಯ್ದೆಯ ಉದ್ದೇಶ ಅರ್ಧಕ್ಕೇ ನಿಲ್ಲುತ್ತದೆ.

ನ್ಯಾಯಾಲಯಗಳು ಪಾದಚಾರಿ ಮಾರ್ಗವನ್ನು ಸೌಕರ್ಯದ ಮಟ್ಟದಿಂದ ಹಕ್ಕಿನ ಮಟ್ಟಕ್ಕೆ ಏರಿಸಿದ ಕಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಬೆಂಗಳೂರಿನ ರಸ್ತೆಗುಂಡಿಗಳ ಬಗ್ಗೆ ವಿಜಯನ್ ಮೆನನ್ ಮತ್ತಿತರರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಮುಖ್ಯ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರಿದ್ದ ಕರ್ನಾಟಕ ಹೈಕೋರ್ಟ್ ಪೀಠ 2019ರ ಜುಲೈನಲ್ಲಿ, ಪಾದಚಾರಿ ಮಾರ್ಗವೂ ಸೇರಿದಂತೆ ಬೀದಿಗಳು ಸುಸ್ಥಿತಿಯಲ್ಲಿರಬೇಕೆಂಬುದು ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. ಅದೇ ನ್ಯಾಯಮೂರ್ತಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2025ರ ಮೇ ತಿಂಗಳಲ್ಲಿ ಅವರೂ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರೂ ಇದ್ದ ಪೀಠ, ಅಡೆತಡೆಯಿಲ್ಲದ ಮತ್ತು ಅಂಗವಿಕಲರೂ ಬಳಸಬಲ್ಲ ಪಾದಚಾರಿ ಮಾರ್ಗ 21ನೇ ವಿಧಿಯೊಳಗೆ ಬರುತ್ತದೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಹೇಳಿತು. ಅದೇ ವ್ಯಾಜ್ಯದಲ್ಲಿ 2025ರ ಅಕ್ಟೋಬರ್ 7ರಂದು ಇನ್ನೊಂದು ಪೀಠ, ದೊಡ್ಡ ನಗರಗಳ ಪಾದಚಾರಿ ಮಾರ್ಗಗಳ ಪರಿಶೋಧನೆ ನಡೆಸಬೇಕೆಂದೂ, ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ ಪಾದಚಾರಿಗಳ ಸಂಚಾರ ಮತ್ತು ರಸ್ತೆ ವಿನ್ಯಾಸಗಳ ಬಗ್ಗೆ ರಾಜ್ಯಗಳು ಆರು ತಿಂಗಳಲ್ಲಿ ನಿಯಮ ರೂಪಿಸಬೇಕೆಂದೂ ನಿರ್ದೇಶಿಸಿತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ, ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು, ನಡೆದುಹೋಗುತ್ತಿದ್ದವರು ಎಂಬುದನ್ನು ನೆನೆದರೆ ಬದುಕಿನ ಹಕ್ಕೆಂಬ ಮಾತನ್ನು ಯಾರೂ ಅತಿಶಯವೆನ್ನಲಾರರು.

ಹಣವಿಲ್ಲ ಎಂಬುದು ಇಂಥ ಹೊಣೆಯ ಮುಂದೆ ಸ್ಥಳೀಯ ಸಂಸ್ಥೆಗಳು ಮೊದಲಿನಿಂದ ಕೊಡುತ್ತ ಬಂದ ಉತ್ತರ. ಮಧ್ಯಪ್ರದೇಶದ ರತ್ಲಾಂ ಪುರಸಭೆ ತೆರೆದ ಚರಂಡಿ ಮತ್ತು ಹೊಲಸಿನ ಬಗ್ಗೆ ಇದೇ ಉತ್ತರ ಕೊಟ್ಟಾಗ, 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಶಾಸನ ವಿಧಿಸಿದ ಕರ್ತವ್ಯದಿಂದ ಬಡತನದ ನೆಪದಲ್ಲಿ ತಪ್ಪಿಸಿಕೊಳ್ಳಲಾಗದು ಎಂದು ಸ್ಪಷ್ಟಪಡಿಸಿತು. ಮೆಟ್ರೊದಂಥ ಯೋಜನೆಗಳ ವಿಷಯದಲ್ಲಿ ಈ ನೆಪಕ್ಕೆ ಇನ್ನೂ ಕಡಿಮೆ ಜಾಗವಿದೆ. ಮೆಟ್ರೊ ನಿಗಮ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಮಪಾಲಿನ ಜಂಟಿ ಸಂಸ್ಥೆಯಾಗಿದ್ದು, ಸಾವಿರಾರು ಕೋಟಿಯ ಅಂದಾಜುಪಟ್ಟಿಯಲ್ಲಿ ನಿಲ್ದಾಣದ ಸುತ್ತಲಿನ ಕಾಲುದಾರಿಗೆ ಬೇಕಾಗುವ ಮೊತ್ತ ತೀರ ಸಣ್ಣದು. ಆ ಮೊತ್ತ ಆರಂಭದಲ್ಲೇ ಅಂದಾಜಿನೊಳಗೆ ಸೇರದೆ, ನಿಲ್ದಾಣ ಉದ್ಘಾಟನೆಯಾದ ಮೇಲೆ ವಾರ್ಡಿನ ಬಜೆಟ್ಟಿನ ಬಾಗಿಲು ತಟ್ಟುವಂತಾದಾಗ ಮಾತ್ರ ಅದು ದೊಡ್ಡದಾಗಿ ಕಾಣುತ್ತದೆ.

ನಡೆಯುವವರಿಗೆ ಹಾನಿಯಾದರೆ ಪರಿಹಾರ ಯಾರು ಕೊಡಬೇಕು ಎಂಬ ಪ್ರಶ್ನೆಯಲ್ಲಿ ಮಾತ್ರ ಭಾರತದ ಕಾನೂನು ಬಹುಕಾಲ ತೂಗುಯ್ಯಾಲೆಯಾಡಿದೆ. ದೆಹಲಿಯ ಚಾಂದನಿ ಚೌಕದಲ್ಲಿ ಪುರಭವನದ ಎದುರಿನ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತ ಪ್ರಕರಣದಲ್ಲಿ, ಸಾರ್ವಜನಿಕ ರಸ್ತೆಗೆ ತಾಗಿದ ಕಟ್ಟಡದ ಒಡೆಯರು ಅದನ್ನು ದಾರಿಹೋಕರಿಗೆ ಅಪಾಯವಾಗದಂತೆ ಕಾಪಾಡಬೇಕೆಂದು 1966ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯನ್ನೇ ಹೊಣೆಮಾಡಿತು. ಆದರೆ ರಾಜಕೋಟದಲ್ಲಿ 1975ರಲ್ಲಿ ಕಚೇರಿಯತ್ತ ನಡೆದುಹೋಗುತ್ತಿದ್ದ ನೌಕರರೊಬ್ಬರ ಮೇಲೆ ರಸ್ತೆಬದಿಯ ಮರ ಬಿದ್ದು ಅವರು ಸತ್ತ ಪ್ರಕರಣದಲ್ಲಿ, ಅದೇ ನ್ಯಾಯಾಲಯ 1997ರಲ್ಲಿ ಪಾಲಿಕೆಗೆ ಹೊಣೆಯಿಲ್ಲವೆಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1999ರಲ್ಲಿ, ದೆಹಲಿಯಲ್ಲಿ ಸ್ಕೂಟರ್ ಸವಾರರೊಬ್ಬರ ಮೇಲೆ ಒಣಕೊಂಬೆ ಬಿದ್ದ ಪ್ರಕರಣದಲ್ಲಿ ಪಾಲಿಕೆ ಪರಿಹಾರ ಕೊಡಬೇಕೆಂದಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಸೆಕ್ಷನ್, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ, ಆದರೆ ಹೊಣೆಗಾರ ಯಾರೆಂಬುದೇ ದಾಖಲೆಯಲ್ಲಿ ಇಲ್ಲದಿದ್ದರೆ ಈ ಸೆಕ್ಷನ್ನಿನ ಬಲವೂ ಕುಗ್ಗುತ್ತದೆ.

ಬೇರೆ ದೇಶಗಳು ಈ ಗಂಟನ್ನು ಬಿಡಿಸಿದ ಬಗೆ ಇಲ್ಲಿ ಉಪಯುಕ್ತ. ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆ, ಕಾಲುದಾರಿಯೂ ಸೇರಿದಂತೆ ಸಾರ್ವಜನಿಕ ದಾರಿಯನ್ನು ಸುಸ್ಥಿತಿಯಲ್ಲಿಡುವ ಕರ್ತವ್ಯವನ್ನು ಸ್ಥಳೀಯ ದಾರಿ ಪ್ರಾಧಿಕಾರದ ಮೇಲೆ ಹೊರಿಸಿ, ತಾನು ತಕ್ಕ ಕಾಳಜಿ ವಹಿಸಿದ್ದೆನೆಂದು ಸಾಬೀತುಪಡಿಸಿದರೆ ಮಾತ್ರ ಅದಕ್ಕೆ ವಿನಾಯಿತಿ ಕೊಡುತ್ತದೆ. ಆ ಸಾಬೀತಿಗೆ ತಪಾಸಣೆಯ ದಾಖಲೆ ಬೇಕಾಗುವುದರಿಂದ ತಪಾಸಣೆ ಅಲ್ಲಿ ತಾನಾಗಿಯೇ ನಿಯತವಾಗುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಪಕ್ಕದ ಸ್ವತ್ತಿನ ಒಡೆಯರೇ ಕಾಲುದಾರಿಯನ್ನು ದುರಸ್ತಿಯಲ್ಲಿಡಬೇಕು. ನ್ಯೂಯಾರ್ಕ್ ನಗರ 2003ರಲ್ಲಿ ಒಡೆಯರೇ ವಾಸವಿರುವ ಸಣ್ಣ ಮನೆಗಳನ್ನು ಬಿಟ್ಟು ಉಳಿದವರ ಮೇಲೆ ಅಪಘಾತದ ಹೊಣೆಯನ್ನೂ ವರ್ಗಾಯಿಸಿತು. ಆದರೂ ಸರ್ಕಾರ ಅಲ್ಲಿ ಪೂರ್ತಿ ಕೈತೊಳೆದುಕೊಳ್ಳಲಾಗಲಿಲ್ಲ: ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ವಿರುದ್ಧದ ಬಾರ್ಡನ್ ಪ್ರಕರಣದಲ್ಲಿ 2002ರಲ್ಲಿ ಮೇಲ್ಮನವಿ ನ್ಯಾಯಾಲಯ, ಕಾಲುದಾರಿ ನಗರಾಡಳಿತ ಕೊಡುವ ಸೇವೆಯೇ ಆಗಿರುವುದರಿಂದ ಅಂಗವಿಕಲರ ಹಕ್ಕಿನ ಕಾನೂನು ಅದಕ್ಕೂ ಅನ್ವಯಿಸುತ್ತದೆಂದು ತೀರ್ಮಾನಿಸಿತು, ಮುಂದಿನ ರಾಜಿಯಲ್ಲಿ ನಗರವು ಗರಿಷ್ಠ 30 ವರ್ಷಗಳವರೆಗೆ ತನ್ನ ಸಾರಿಗೆ ನಿಧಿಯ ಶೇ 20ರಷ್ಟನ್ನು ಕಾಲುದಾರಿಗಳ ಸುಧಾರಣೆಗೆ ತೆಗೆದಿಡಲು ಒಪ್ಪಿತು.

ಕರ್ನಾಟಕದ ಕಾನೂನು ಪಕ್ಕದ ಮನೆಯವರ ಮೇಲೆ ಅಂಥ ಭಾರ ಹೊರಿಸದೆ ಇಡೀ ಬೀದಿಯನ್ನು ಪಾಲಿಕೆಗೆ ಒಪ್ಪಿಸಿರುವುದು ಬಡ ಮತ್ತು ಶ್ರೀಮಂತ ಬೀದಿಗಳ ನಡುವೆ ಭೇದ ಬಾರದಂತೆ ನೋಡಿಕೊಳ್ಳಲು ಅನುಕೂಲವಾದ ಏರ್ಪಾಡು. ಆದರೆ ಪಕ್ಕದ ಸ್ವತ್ತು ಸರ್ಕಾರದ್ದೇ ಆದಾಗ ಈ ಏರ್ಪಾಡಿನಲ್ಲಿ ಒಂದು ಬಿರುಕು ಕಾಣುತ್ತದೆ. ಬೀದಿಯಲ್ಲಿ ಅಡಚಣೆಯಾಗಿ ನಿಂತ ಕಟ್ಟೆ, ಮೆಟ್ಟಿಲು, ಚಾವಣಿಗಳನ್ನು ತೆರವುಗೊಳಿಸಲು, ಕೆಲವು ಸಂದರ್ಭಗಳಲ್ಲಿ ಮುನ್ಸೂಚನೆಯೇ ಇಲ್ಲದೆ ತೆಗೆಸಲು, ಪೌರ ನಿಗಮಗಳ ಕಾಯ್ದೆ ಆಯುಕ್ತರಿಗೆ ವಿಸ್ತಾರವಾದ ಅಧಿಕಾರ ಕೊಟ್ಟಿದೆ. ಅಂಗಡಿಯವರ ಮತ್ತು ಮನೆಯವರ ಮೇಲೆ ಆಗಾಗ ಪ್ರಯೋಗವಾಗುವ ಈ ಅಧಿಕಾರ ಟ್ರಾನ್ಸ್‌ಫಾರ್ಮರ್ ಕಟ್ಟೆ, ಪೊಲೀಸ್ ಚೌಕಿ, ಜನರೇಟರ್ ಪೆಟ್ಟಿಗೆ, ಕೇಬಲ್ ಕ್ಯಾಬಿನೆಟ್ಟುಗಳ ಮೇಲೆ ಪ್ರಯೋಗವಾಗುವುದು ವಿರಳ. ಒಂದು ಸರ್ಕಾರಿ ಕಚೇರಿ ಇನ್ನೊಂದಕ್ಕೆ ನೋಟಿಸು ಕೊಡುವುದು ಆಡಳಿತದ ರೂಢಿಗೆ ಒಗ್ಗದ ಕೆಲಸವಾದ್ದರಿಂದ ಪತ್ರವ್ಯವಹಾರ ನಡೆಯುತ್ತದೆ, ಸಮನ್ವಯ ಸಭೆಯ ನಡಾವಳಿ ಬರೆಯಲ್ಪಡುತ್ತದೆ, ಅಡಚಣೆ ಇದ್ದಲ್ಲೇ ಇರುತ್ತದೆ. ಹೀಗಾಗಿ ಸಾರ್ವಜನಿಕ ಕಟ್ಟಡಗಳ ಸುತ್ತ ಪಾದಚಾರಿ ಮಾರ್ಗವನ್ನು ಒತ್ತುವರಿ ಮಾಡಿದವರ ಪಟ್ಟಿ ಪ್ರಾಮಾಣಿಕವಾಗಿ ಸಿದ್ಧವಾದರೆ ಅದರಲ್ಲಿ ಸರ್ಕಾರದ್ದೇ ಸಂಸ್ಥೆಗಳ ಹೆಸರು ಮುಂದಿನ ಸಾಲಿನಲ್ಲಿ ಇರಬೇಕಾಗುತ್ತದೆ.

ಬೀದಿಬದಿ ವ್ಯಾಪಾರಿಗಳ ವಿಷಯವನ್ನು ಈ ಹಿನ್ನೆಲೆಯಲ್ಲೇ ನೋಡುವುದು ನ್ಯಾಯ. ಆಸ್ಪತ್ರೆಯ ಮುಂದೆ ಎಳನೀರು ಮತ್ತು ಹಣ್ಣು, ನಿಲ್ದಾಣದ ಮುಂದೆ ಹೂವು ಮತ್ತು ಚಹಾ ಬೇಕೆನ್ನುವವರು ನಡೆದು ಬರುವವರೇ ಆದ್ದರಿಂದ, ಜನ ಸೇರುವ ಕಟ್ಟಡದ ಬಳಿ ವ್ಯಾಪಾರ ಸೇರುವುದು ಸಹಜ. 1985ರ ಓಲ್ಗಾ ಟೆಲಿಸ್ ತೀರ್ಪು ಜೀವನೋಪಾಯದ ಹಕ್ಕನ್ನು ಬದುಕಿನ ಹಕ್ಕಿನ ಭಾಗವೆಂದು ಒಪ್ಪಿಕೊಂಡೂ ಪಾದಚಾರಿ ಮಾರ್ಗ ನಡೆಯುವವರಿಗಾಗಿ ಇರುವುದೆಂದು ಹೇಳಿತು. ಈ ಎರಡನ್ನೂ ಹೊಂದಿಸಲು ಬಂದ 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ವ್ಯಾಪಾರಿಗಳ ಪ್ರತಿನಿಧಿಗಳು ಶೇ 40ಕ್ಕೆ ಕಡಿಮೆಯಿಲ್ಲದಂತೆ ಇರುವ ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಸಮೀಕ್ಷೆ ನಡೆಸಿ, ಗುರುತಿನ ಪತ್ರ ಕೊಟ್ಟು, ವ್ಯಾಪಾರ ವಲಯಗಳನ್ನು ಗೊತ್ತುಮಾಡಲು ಹೇಳುತ್ತದೆ. ಮೊದಲು ನಡೆಯುವ ಪಟ್ಟಿಯ 1.8 ಮೀಟರ್ ಗೆರೆ ಎಳೆದು, ಅದರಾಚೆ ಉಳಿಯುವ ಜಾಗದಲ್ಲಿ ವ್ಯಾಪಾರಕ್ಕೆ ಅವಕಾಶ ಕೊಡುವುದು ಈ ಕಾಯ್ದೆಯ ಆಶಯಕ್ಕೂ ರಸ್ತೆ ಕಾಂಗ್ರೆಸ್ಸಿನ ಮಾನದಂಡಕ್ಕೂ ಒಪ್ಪುವ ಮಾರ್ಗ. ಗೆರೆ ಎಳೆಯದೆ ತೆರವು ಕಾರ್ಯಾಚರಣೆ ಮಾತ್ರ ನಡೆದರೆ ತಳ್ಳುಗಾಡಿ ಹೋದ ಜಾಗಕ್ಕೆ ಮರುದಿನ ದ್ವಿಚಕ್ರ ವಾಹನಗಳು ಬಂದು ನಿಲ್ಲುತ್ತವೆ, ಪಾದಚಾರಿ ಮಾರ್ಗದ ಮೇಲೆ ವಾಹನ ನಿಲ್ಲಿಸುವುದು ಸಂಚಾರ ನಿಯಮಗಳ ಪ್ರಕಾರ ನಿಷಿದ್ಧವಾಗಿದ್ದರೂ ಸಹ.

ಬೆಂಗಳೂರಿನಲ್ಲೇ ಕೆಲಸ ಸರಿಯಾಗಿ ನಡೆದ ಉದಾಹರಣೆಗಳಿವೆ. ಟೆಂಡರ್‌ಶ್ಯೂರ್ ಎಂಬ ಹೆಸರಿನ ಮಾದರಿಯಲ್ಲಿ ಕಳೆದ ದಶಕದಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆ ಮುಂತಾದವು ಹೊಸದಾಗಿ ರೂಪುಗೊಂಡಾಗ, ನೀರು, ಒಳಚರಂಡಿ, ವಿದ್ಯುತ್, ದೂರಸಂಪರ್ಕಗಳ ಕೊಳವೆ ಮತ್ತು ಕೇಬಲ್ಲುಗಳನ್ನು ಪಾದಚಾರಿ ಮಾರ್ಗದಡಿ ಕ್ರಮವಾಗಿ ಜೋಡಿಸಿ, ಮತ್ತೆ ಮತ್ತೆ ಅಗೆಯದಂತೆ ತಪಾಸಣಾ ಗುಂಡಿಗಳನ್ನು ಇಟ್ಟು, ಮೇಲೆ ಸಮತಟ್ಟಾದ ಅಗಲ ದಾರಿ ಹಾಸಲಾಯಿತು. ಅದರ ವೆಚ್ಚ ಹೆಚ್ಚೆಂಬ ಟೀಕೆಯೂ, ಅದು ನಗರದ ನಡುಭಾಗಕ್ಕೆ ಸೀಮಿತವೆಂಬ ಟೀಕೆಯೂ ಬಂದವು, ಎರಡರಲ್ಲೂ ಹುರುಳಿದೆ. ಆದರೆ ಅದರಿಂದ ಕಲಿಯಬೇಕಾದದ್ದು ಹಾಸುಗಲ್ಲಿನ ಬೆಲೆಗೆ ಸಂಬಂಧಿಸಿದ್ದಲ್ಲ. ಎಲ್ಲ ಸಂಸ್ಥೆಗಳ ಕೆಲಸವೂ ಒಂದೇ ವಿನ್ಯಾಸದೊಳಗೆ, ಒಂದೇ ಗುತ್ತಿಗೆಯಡಿ, ಒಬ್ಬ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ಬಂದದ್ದರಿಂದ ದೋಷ ಹೊಣೆ ಅವಧಿ, ಅಂದರೆ ಕಾಮಗಾರಿ ಕೆಟ್ಟರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕಾದ ಕಾಲ, ಅಲ್ಲಿ ಅರ್ಥ ಪಡೆಯಿತು. ನಾಲ್ಕು ಸಂಸ್ಥೆಗಳು ನಾಲ್ಕು ಬಾರಿ ಅಗೆದ ಮಾರ್ಗದಲ್ಲಿ ದೋಷ ಯಾರದೆಂದು ಗೊತ್ತುಮಾಡುವುದೇ ಆಗದು.

ಆಡಳಿತದ ಹೊಸ ರಚನೆ ಇಂಥ ಏಕೀಕರಣಕ್ಕೆ ಅವಕಾಶ ಒದಗಿಸಿದೆ. 2020ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ ನಗರ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿತ್ತು, ಹೀಗಾಗಿ ಕಾಲುದಾರಿಯ ದೂರು ಹೇಳಲು ವಾರ್ಡಿನಲ್ಲಿ ಕಾರ್ಪೊರೇಟರ್ ಎಂಬವರೇ ಇರಲಿಲ್ಲ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ವಿಜಯನಗರದ ಭಾಗವಾಗಿ ಅತ್ತಿಗುಪ್ಪೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿತು. ಐದೂ ಪಾಲಿಕೆಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದ್ದು, ಜಲಮಂಡಳಿ, ಬೆಸ್ಕಾಂ, ಮೆಟ್ರೊ ನಿಗಮ, ಸಂಚಾರ ಪೊಲೀಸ್‌ಗಳಂಥ ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಅದರ ಕೆಲಸಗಳಲ್ಲೊಂದು. ಪಾಲಿಕೆ ಚಿಕ್ಕದಾದಷ್ಟೂ ಆಯುಕ್ತರು ರಸ್ತೆಗೆ ಹತ್ತಿರವಾಗುತ್ತಾರೆ ಎಂಬುದು ಈ ವಿಭಜನೆಯ ಸಮರ್ಥಕರು ಕೊಟ್ಟ ಕಾರಣ. ಆ ಕಾರಣ ನಿಜವೇ ಎಂದು ಪರೀಕ್ಷಿಸಲು ಪಾದಚಾರಿ ಮಾರ್ಗಕ್ಕಿಂತ ಸುಲಭವಾದ ಜಾಗ ಇನ್ನೊಂದಿಲ್ಲ.

ಕಾನೂನಿನಲ್ಲಿರುವ ಹೊಣೆಯನ್ನು ನೆಲಕ್ಕಿಳಿಸಲು ಹೊಸ ಶಾಸನಕ್ಕಿಂತ ನಾಲ್ಕು ಆಡಳಿತಾತ್ಮಕ ಕ್ರಮಗಳು ಹೆಚ್ಚು ಉಪಯೋಗಕ್ಕೆ ಬರಬಲ್ಲವು. ಮೊದಲನೆಯದು, ಸರ್ಕಾರಿ ಕಟ್ಟಡದ ಅಂದಾಜುಪಟ್ಟಿ ಅದರ ಬಾಗಿಲಿನಿಂದ ಅತಿ ಹತ್ತಿರದ ಬಸ್ ತಂಗುದಾಣದವರೆಗಿನ ಪಾದಚಾರಿ ಮಾರ್ಗವನ್ನೂ ಒಳಗೊಳ್ಳಬೇಕು ಮತ್ತು ಆ ಮಾರ್ಗ ಸಿದ್ಧವಾಗದೆ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರ ಸಿಗಬಾರದು. ಕಟ್ಟಿಸುವ ಇಲಾಖೆ ಹಣ ಕೊಟ್ಟು, ಪಾಲಿಕೆ ತನ್ನ ಮಾನದಂಡದಂತೆ ಮಾಡಿಸಿ, ಮುಂದೆ ತಾನೇ ಪಾಲಿಸಬೇಕು. ಎರಡನೆಯದು, ಹೀಗೆ ಗುರುತಾದ ಪ್ರತಿ ಮಾರ್ಗಕ್ಕೂ ಒಬ್ಬ ಸಹಾಯಕ ಕಾರ್ಯಪಾಲಕ ಎಂಜಿನಿಯರರ ಹೆಸರು ಗೊತ್ತಾಗಿದ್ದು, ನಿಯತ ಅಂತರದಲ್ಲಿ ನಡೆಸಿದ ತಪಾಸಣೆಯ ವಹಿ ಸಾರ್ವಜನಿಕರಿಗೆ ನೋಡಲು ಸಿಗಬೇಕು. ಇಂಗ್ಲೆಂಡಿನ ಕಾಯ್ದೆ ತೋರಿಸುವಂತೆ ಆ ವಹಿ ನಡೆಯುವವರಿಗೆ ಎಷ್ಟು ರಕ್ಷಣೆಯೋ ಕರ್ತವ್ಯ ಮಾಡಿದ ಎಂಜಿನಿಯರರಿಗೂ ಅಷ್ಟೇ ರಕ್ಷಣೆ. ಮೂರನೆಯದು, ರಸ್ತೆ ಅಗೆತದ ಅನುಮತಿ ಕೇಳುವ ಸಂಸ್ಥೆ, ಅದು ಸರ್ಕಾರಿಯೇ ಆಗಿರಲಿ, ಮಾರ್ಗವನ್ನು ಮೊದಲಿನ ಮಟ್ಟಕ್ಕೆ ತರುವ ಪೂರ್ತಿ ವೆಚ್ಚವನ್ನು ಮುಂಗಡವಾಗಿ ಕಟ್ಟಬೇಕು. ನಾಲ್ಕನೆಯದು, ಕಟ್ಟಡದ ಮುಖ್ಯಸ್ಥರು, ಅಂದರೆ ಶಾಲೆಯ ಮುಖ್ಯೋಪಾಧ್ಯಾಯರು, ಆಸ್ಪತ್ರೆಯ ವೈದ್ಯಾಧಿಕಾರಿ, ಮೆಟ್ರೊ ನಿಲ್ದಾಣದ ನಿಯಂತ್ರಕರು, ತಮ್ಮ ಬಾಗಿಲ ಮುಂದಿನ ಮಾರ್ಗದ ದೋಷವನ್ನು ಕಂಡಾಗ ಪಾಲಿಕೆಗೆ ಲಿಖಿತವಾಗಿ ತಿಳಿಸುವುದು ಅವರ ಕರ್ತವ್ಯಪಟ್ಟಿಯಲ್ಲಿ ಸೇರಬೇಕು.

ಈ ಕ್ರಮಗಳಿಗೆ ಎದುರಾಗುವ ಆಕ್ಷೇಪಗಳಲ್ಲಿ ಒಂದು ಗಂಭೀರವಾದುದು. ಅತ್ತಿಗುಪ್ಪೆಯಂಥ ಊರುಗಳ ಹಳೆಯ ಗ್ರಾಮಠಾಣದಲ್ಲಿ, ಅಂದರೆ ಬಡಾವಣೆ ಬರುವ ಮೊದಲೇ ಇದ್ದ ಮನೆಗಳ ಕೇರಿಗಳಲ್ಲಿ, ಬೀದಿಯ ಪೂರ್ತಿ ಅಗಲವೇ ಕಡಿಮೆಯಾಗಿರುವುದರಿಂದ ಎರಡು ಬದಿಯಲ್ಲೂ 1.8 ಮೀಟರ್ ಬಿಟ್ಟರೆ ವಾಹನಕ್ಕೆ ದಾರಿಯೇ ಉಳಿಯುವುದಿಲ್ಲ. ಕೆಲವೆಡೆ ದೊಡ್ಡ ಮರಗಳು ಅಗಲವನ್ನು ನುಂಗುತ್ತವೆ, ಅವುಗಳನ್ನು ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅಂಕೆಯಿದೆ, ಕಡಿಯುವುದು ಜಾಣತನವೂ ಅಲ್ಲ. ಅಂಥಲ್ಲಿ ಪ್ರತ್ಯೇಕ ಪಾದಚಾರಿ ಮಾರ್ಗದ ಹಟ ಬಿಟ್ಟು ಇಡೀ ಬೀದಿಯನ್ನೇ ಒಂದೇ ಮಟ್ಟಕ್ಕೆ ತಂದು, ವಾಹನದ ವೇಗವನ್ನು ನಡಿಗೆಗೆ ಹೊಂದುವಷ್ಟು ತಗ್ಗಿಸಿ, ನಿಲುಗಡೆಯನ್ನು ತೆಗೆದುಹಾಕುವುದು ಸರಿಯಾದ ವಿನ್ಯಾಸ. ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಕೊಡಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದರ ಅರ್ಥವೂ ಇದೇ. ಬೀದಿ ಕಿರಿದಾದಾಗ ಕಡಿತವಾಗಬೇಕಾದದ್ದು ವಾಹನದ ಪಾಲು.

ಮೆಟ್ರೊ ನಿಲ್ದಾಣ, ಆಸ್ಪತ್ರೆ, ಕಚೇರಿಗಳ ಸಾಧನೆಯನ್ನು ಪ್ರಯಾಣಿಕರ ಸಂಖ್ಯೆ, ಹಾಸಿಗೆಗಳ ಸಂಖ್ಯೆ, ವಿಲೇವಾರಿಯಾದ ಕಡತಗಳ ಸಂಖ್ಯೆಗಳಿಂದ ಅಳೆಯುವ ವಾರ್ಷಿಕ ವರದಿಗಳು, ಬಾಗಿಲವರೆಗೆ ಬರಲಾಗದೆ ಉಳಿದವರನ್ನು ಎಣಿಸುವುದಿಲ್ಲ. ಗಾಲಿಕುರ್ಚಿ ಬಳಸುವವರು, ಕಣ್ಣು ಕಾಣದವರು, ಮಂಡಿನೋವಿನ ಹಿರಿಯರು, ಮಗುವನ್ನು ಎತ್ತಿಕೊಂಡ ತಾಯಂದಿರು ಮನೆಯಲ್ಲೇ ಉಳಿದಾಗ ಯಾವ ದೂರೂ ದಾಖಲಾಗುವುದಿಲ್ಲ, ಆದ್ದರಿಂದ ದೂರುಗಳ ಸಂಖ್ಯೆಯನ್ನು ನೋಡಿ ಮಾರ್ಗ ಸರಿಯಿದೆಯೆಂದು ತೀರ್ಮಾನಿಸುವುದು ತಪ್ಪುದಾರಿ. ಕಾಯ್ದೆ ಬೀದಿಯನ್ನು ಪಕ್ಕದ ಸ್ವತ್ತಿನ ಗಡಿಯವರೆಗೆ ಎಳೆದಿದೆ, ಸಂವಿಧಾನ ನಡೆಯುವ ಹಕ್ಕನ್ನು ಬದುಕಿನ ಹಕ್ಕಿನೊಳಗೆ ಸೇರಿಸಿಕೊಂಡಿದೆ, ಮಾನದಂಡ ಮಿಲಿಮೀಟರಿನವರೆಗೆ ಅಳತೆ ಕೊಟ್ಟಿದೆ. ಪಶ್ಚಿಮ ನಗರ ಪಾಲಿಕೆ ತನ್ನ ವ್ಯಾಪ್ತಿಯ ಸಾರ್ವಜನಿಕ ಕಟ್ಟಡಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಹೊಣೆಗಾರ ಎಂಜಿನಿಯರರ ಹೆಸರನ್ನೂ ಕೊನೆಯ ತಪಾಸಣೆಯ ದಿನಾಂಕವನ್ನೂ ಬರೆದು ಪ್ರಕಟಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಆ ಪಟ್ಟಿ ಹೊರಬಂದ ದಿನದಿಂದ ಹೊಣೆ ಇನ್ನೊಂದು ಇಲಾಖೆಯದೆಂದು ಹೇಳುವ ಅವಕಾಶ ಯಾರಿಗೂ ಉಳಿಯದು.